ರೀಲ್ ತಲೆಕೆಳಗಾಗಿ ಹಿಡಿದ ಹುಡುಗಿ

ಪ್ರಶ್ನೆ: ನಮ್ಮದು ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸಿಗಳ ಸಣ್ಣ ಸಂಘ. ಮೂವತ್ತೈದು ಜನರಲ್ಲಿ ಹೆಂಗಸರು ಇಬ್ಬರೇ. ರಾಡು (ಗಾಳದ ಕೋಲು), ರೀಲು (ದಾರ ಸುತ್ತುವ ಚಕ್ರ) ಮಾರುವ ಒಂದು ಕಂಪನಿ ನಮ್ಮ ಸ್ಪರ್ಧೆಗೆ ದುಡ್ಡು ಕೊಡುತ್ತದೆ, ವರ್ಷಕ್ಕೊಂದು ಕ್ಯಾಲೆಂಡರನ್ನೂ ಕೊಡುತ್ತದೆ. ಹನ್ನೆರಡು ತಿಂಗಳೂ ಬಿಕಿನಿ ಹಾಕಿಕೊಂಡು ಮೀನು ಎತ್ತಿ ಹಿಡಿದ ಹುಡುಗಿಯರೇ. ಈ ಸಲ ಅದನ್ನು ಸಂಘದ ಕೋಣೆಯಲ್ಲಿ ತೂಗುಹಾಕಿದಾಗ ಆ ಇಬ್ಬರಲ್ಲಿ ಒಬ್ಬರು "ಇದು ಬೇಕಾ?" ಅಂದರು. ಅಷ್ಟೇ ಅಂದಿದ್ದು. ಅದಕ್ಕೆ ದೊಡ್ಡ ವಾದವೇ ಆಯಿತು. ಗಂಡಸರಿಗೆ ಇಂಥದ್ದು ಇಷ್ಟ, ಅದಕ್ಕೇ ಕಂಪನಿ ಹಾಕುತ್ತೆ, ಅದು ವ್ಯಾಪಾರ ಅಂತ ಒಬ್ಬರು. ಹೆಂಗಸರಿಗೆ ಇದರಲ್ಲಿ ಆಸಕ್ತಿನೂ ಇಲ್ಲ ತಾಳ್ಮೆನೂ ಇಲ್ಲ, ಅದು ಹುಟ್ಟುಗುಣ, ಕ್ಯಾಲೆಂಡರ್ ತೆಗೆದ ಮಾತ್ರಕ್ಕೆ ನಾಳೆ ಐವತ್ತು ಜನ ಬಂದುಬಿಡ್ತಾರಾ ಅಂತ ಇನ್ನೊಬ್ಬರು. ಇದೆಲ್ಲ ಮಡಿವಂತಿಕೆ ಅಂತ ಮತ್ತೊಬ್ಬರು. ಆಕೆಯಾದರೋ ಎರಡು ಸೈಜು ದೊಡ್ಡದಾದ ವೇಡರ್, ಅಂದರೆ ಎದೆವರೆಗೆ ಬರುವ ರಬ್ಬರು ಉಡುಪು, ಹಾಕಿಕೊಂಡು ನೀರಿಗಿಳಿದು ನಮ್ಮಲ್ಲಿ ಅರ್ಧ ಜನಕ್ಕಿಂತ ಜಾಸ್ತಿ ಮೀನು ಹಿಡಿಯುವವರು. ಅವರ ಮಾತು ನನಗೆ ಸರಿ ಅನ್ನಿಸಿತು, ಆದರೆ ಏನು ಹೇಳಬೇಕೋ ತೋಚದೆ ಸುಮ್ಮನಿದ್ದೆ. ಈ ವಾದಗಳಲ್ಲಿ ನಿಜ ಎಷ್ಟು? ನಾನೀಗ ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಕ್ಯಾಲೆಂಡರನ್ನು ಇನ್ನೊಂದು ಸಲ ತಿರುವಿ ನೋಡಿ. ಹುಡುಗಿಯರನ್ನು ಬಿಡಿ, ಅವರ ಕೈಯಲ್ಲಿರುವ ರಾಡು, ರೀಲು ನೋಡಿ. ಸ್ಪಿನ್ನಿಂಗ್ ರೀಲ್ ರಾಡಿನ ಕೆಳಗೆ ಜೋತಾಡಬೇಕು ಅನ್ನೋದು ನಿಮಗೆ ಗೊತ್ತು, ಮೊದಲ ದಿನ ಗಾಳ ಹಿಡಿದ ಮಕ್ಕಳಿಗೂ ಅದನ್ನು ಹೇಳಿಕೊಡುತ್ತೇವೆ. ಇಂಥ ಚಿತ್ರಗಳಲ್ಲಿ ಅದು ಮೇಲೆ ಕೂತಿರುವುದನ್ನು ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಕೆಲವದರಲ್ಲಿ ದಾರವೇ ಇರಲ್ಲ. ತಪ್ಪು ಆ ಹುಡುಗಿಯದಲ್ಲ, ಅವಳ ಕೈಗೆ ಏನು ಕೊಟ್ಟರೋ ಅದನ್ನು ಹಿಡಿದುಕೊಂಡಿದ್ದಾಳೆ. ಫೋಟೋ ತೆಗೆದವರು, ಆರಿಸಿದವರು, ಅಚ್ಚು ಹಾಕಿಸಿದವರು, ರೀಲನ್ನೇ ಮಾರುವ ಕಂಪನಿಯವರು, ಇಷ್ಟು ಜನರ ಕಣ್ಣು ದಾಟಿ ಆ ತಪ್ಪು ನಿಮ್ಮ ಗೋಡೆಗೆ ಬಂತು. ಯಾಕೆಂದರೆ ಅಲ್ಲಿ ಯಾರೂ ಅವಳನ್ನು ಮೀನು ಹಿಡಿಯುವವಳು ಅಂತ ನೋಡಲೇ ಇಲ್ಲ. ನಿಮ್ಮ ಸದಸ್ಯೆ "ಇದು ಬೇಕಾ?" ಅಂದದ್ದು ಬಟ್ಟೆಯ ಅಳತೆ ಬಗ್ಗೆ ಅಂತ ನಿಮ್ಮ ಗೆಳೆಯರು ತಿಳಿದುಕೊಂಡರು. ನನಗನ್ನಿಸುವುದು, ಆಕೆ ಕೇಳಿದ್ದು ಬೇರೆ. ಈ ಕೋಣೆಯಲ್ಲಿ ಹೆಂಗಸು ಅಂದರೆ ಯಾರು, ಗಾಳ ಹಾಕುವವಳಾ, ಗೋಡೆಯಲ್ಲಿ ನೇತಾಡುವವಳಾ, ಅಂತ.

ಜಾಹೀರಾತು ನೋಡಿದ ಜನರ ಮೇಲೆ ಅದು ಏನು ಮಾಡುತ್ತೆ ಅನ್ನೋದನ್ನು ಅಳೆಯುವುದೇ ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ಕೆಲಸ. ಬಿಡುವಾದಾಗ ಗಾಳ ಹಿಡಿದು ಹೋಗುವವಳೂ ಹೌದು. ಹಾಗಾಗಿ ನಿಮ್ಮ ಪ್ರಶ್ನೆ ಎರಡು ಕಡೆಯಿಂದಲೂ ನನ್ನದೇ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

"ಅದು ವ್ಯಾಪಾರ" ಅನ್ನೋ ಮಾತಿನಿಂದ ಶುರು ಮಾಡೋಣ. ಎಲ್ಲರೂ ಇದನ್ನು ಪರೀಕ್ಷೆ ಮಾಡದೇ ಒಪ್ಪಿಕೊಂಡುಬಿಡುತ್ತಾರೆ. ಪರೀಕ್ಷೆ ಮಾಡಿದವರೂ ಇದ್ದಾರೆ. 2018ರಲ್ಲಿ ವಿರ್ಟ್ಸ್ ಮತ್ತು ಜೊತೆಗಾರರು ಕಾಮಪ್ರಚೋದಕ ಜಾಹೀರಾತುಗಳ ಬಗ್ಗೆ ಅಲ್ಲಿವರೆಗೆ ನಡೆದಿದ್ದ 78 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಜಾಹೀರಾತು ಜನರಿಗೆ ಚೆನ್ನಾಗಿ ನೆನಪಿತ್ತು. ಯಾವ ಕಂಪನಿಯ ಜಾಹೀರಾತು ಅನ್ನೋದು ಮಾತ್ರ ಬೇರೆ ಜಾಹೀರಾತುಗಳಿಗಿಂತ ಜಾಸ್ತಿ ನೆನಪಿರಲಿಲ್ಲ. ಕೊಳ್ಳುವ ಮನಸ್ಸು ಹೆಚ್ಚಿರಲಿಲ್ಲ. ಗಂಡಸರು ಆ ಜಾಹೀರಾತನ್ನು ಇಷ್ಟಪಟ್ಟರು, ಹೆಂಗಸರು ಇಷ್ಟಪಡಲಿಲ್ಲ. ಅದಕ್ಕೂ ಮುಂಚೆ 2015ರಲ್ಲಿ ಲಲ್ ಮತ್ತು ಬುಶ್‌ಮನ್ 53 ಪ್ರಯೋಗಗಳನ್ನು, ಎಂಟು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು, ಸೇರಿಸಿ ನೋಡಿದ್ದರು. ಪ್ರಚೋದಕ ಜಾಹೀರಾತು ಕೊಟ್ಟ ಬ್ರ್ಯಾಂಡಿನ ಬಗ್ಗೆ ಜನರ ಅಭಿಪ್ರಾಯ ಏರಲಿಲ್ಲ, ಇಳಿಯಿತು. ಇಷ್ಟಪಡುವುದು ಬೇರೆ, ಕೊಳ್ಳುವುದು ಬೇರೆ. ನಿಮ್ಮ ಗೆಳೆಯರು ಆ ಎರಡನ್ನೂ ಒಂದು ಮಾಡಿಬಿಟ್ಟಿದ್ದಾರೆ.

ನನ್ನ ಅನುಭವವೂ ಅದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರೀಲ್ ಜಾಹೀರಾತನ್ನು ಜನರಿಗೆ ತೋರಿಸಿ, ಎರಡು ದಿನ ಬಿಟ್ಟು ಏನು ನೆನಪಿದೆ ಅಂತ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಲ್ಲರಿಗೂ ಹುಡುಗಿ ನೆನಪಿದ್ದಳು. ಅವಳ ಕೂದಲ ಬಣ್ಣ, ಹಿಂದಿನ ದೋಣಿ, ಎಲ್ಲ ಹೇಳಿದರು. ಕಂಪನಿ ಯಾವುದು ಅಂದರೆ ಬಹಳ ಜನ ಎದುರಾಳಿ ಕಂಪನಿಯ ಹೆಸರು ಹೇಳಿದರು. ದುಡ್ಡು ಕೊಟ್ಟವರು ಒಬ್ಬರು, ಹೆಸರು ಇನ್ನೊಬ್ಬರಿಗೆ. ವರದಿ ಕೊಟ್ಟೆ. ಮುಂದಿನ ವರ್ಷವೂ ಅದೇ ಥರದ ಜಾಹೀರಾತು ಬಂತು. ನನಗೆ ಆಗ ತುಂಬಾ ಬೇಸರವಾಗಿತ್ತು, ಅರ್ಥವೂ ಆಗಿರಲಿಲ್ಲ.

ಈಗ ಅರ್ಥವಾಗುತ್ತೆ. ಹವ್ಯಾಸದ ಸಾಮಾನು ಒಂದಕ್ಕೊಂದು ಬಹಳ ಹೋಲುತ್ತೆ. ಎರಡು ಕಾರ್ಬನ್ ಫೈಬರ್ ರಾಡುಗಳ ವ್ಯತ್ಯಾಸ ಕೈಗೆ ತಿಳಿಯುತ್ತೆ, ಫೋಟೋದಲ್ಲಿ ತಿಳಿಯಲ್ಲ. ಆಗ ಜಾಹೀರಾತು ಮಾಡುವವರು ಕಣ್ಣು ಸೆಳೆಯಲು ಇನ್ನೇನನ್ನೋ ಹುಡುಕುತ್ತಾರೆ, ಕೈಗೆ ಸುಲಭವಾಗಿ ಸಿಗುವುದು ಇದು. ಕಂಪ್ಯೂಟರ್ ಜೋಡಿಸುವ ಹವ್ಯಾಸದವರನ್ನು ಕೇಳಿ ನೋಡಿ. 2000ರ ದಶಕದಲ್ಲಿ ಗ್ರಾಫಿಕ್ಸ್ ಕಾರ್ಡಿನ (ಪರದೆಯ ಚಿತ್ರ ಮೂಡಿಸುವ ಬಿಡಿಭಾಗ) ಡಬ್ಬಿಗಳ ಮೇಲೆ ಅರೆಬರೆ ಬಟ್ಟೆಯ ಯೋಧೆಯರು, ಯಕ್ಷಿಣಿಯರು ತುಂಬಿದ್ದರು. ಎಷ್ಟೋ ಕಾರ್ಡುಗಳ ಒಳಗಿನ ಚಿಪ್ ಒಂದೇ ಕಂಪನಿಯದು, ಮೇಲಿನ ಫ್ಯಾನ್ ಮಾತ್ರ ಬೇರೆ ಬೇರೆ ಕಂಪನಿಯದು. ಹೇಳಿಕೊಳ್ಳಲು ಬೇರೆ ಏನೂ ಇರಲಿಲ್ಲ. ಈಗ ಆ ಡಬ್ಬಿಗಳ ಮೇಲೆ ಬಹುಪಾಲು ಕಾರ್ಡಿನದೇ ಚಿತ್ರ, ಇಲ್ಲವೇ ಬರೀ ಹೆಸರು. ಕಾರ್ಡಿಗಾಗಿ ಜನ ಮುಗಿಬೀಳುವುದು ನಿಂತಿಲ್ಲ. ವಿಡಿಯೋ ಗೇಮ್‌ಗಳ ದೊಡ್ಡ ಪ್ರದರ್ಶನ ಇ3ಯಲ್ಲಿ ಮಳಿಗೆಗಳ ಮುಂದೆ ಕಡಿಮೆ ಬಟ್ಟೆಯ ಹುಡುಗಿಯರನ್ನು ನಿಲ್ಲಿಸುವುದು ಎಷ್ಟು ಜಾಸ್ತಿಯಾಗಿತ್ತೆಂದರೆ 2006ರಲ್ಲಿ ಅದಕ್ಕೆ 5,000 ಡಾಲರ್ ದಂಡ ಅಂತ ನಿಯಮ ತಂದರು. ಫಾರ್ಮುಲಾ 1 ಕಾರು ಓಟದಲ್ಲಿ ಕಾರಿನ ಮುಂದೆ ಹಲಗೆ ಹಿಡಿದು ನಿಲ್ಲುವ ಹುಡುಗಿಯರನ್ನು 2018ರಿಂದ ಕೈಬಿಟ್ಟರು. ಅದಕ್ಕಾಗಿ ಯಾರೂ ಓಟ ನೋಡುವುದನ್ನು ಬಿಡಲಿಲ್ಲ. ಗಂಡಸರಿಗೆ ಇದಿಲ್ಲದೆ ಆಗಲ್ಲ ಅನ್ನೋದು ಗಂಡಸರ ಬಗ್ಗೆಯೇ ಒಂದು ಕೀಳು ಅಂದಾಜು. ಮೀನಿಗಾಗಿ ನಸುಕಿನಲ್ಲಿ ಎದ್ದು ಚಳಿಯಲ್ಲಿ ನಾಲ್ಕು ಗಂಟೆ ನಿಲ್ಲುವವರಿಗೆ ರಾಡಿನ ಮೇಲೆ ಆಸೆ ಹುಟ್ಟಿಸಲು ಬಿಕಿನಿ ಬೇಕಾ? ರಾಡನ್ನು ಸರಿಯಾಗಿ ತೋರಿಸಿದರೆ ಸಾಲದಾ?

ಇನ್ನು "ಹುಟ್ಟುಗುಣ". ನಿಮ್ಮ ಪ್ರಶ್ನೆಯ ಗಟ್ಟಿ ಭಾಗ ಇದೇ. ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು, ಹೆಣ್ಣು ಗಂಡಿನ ನಡುವೆ ವ್ಯತ್ಯಾಸವೇ ಇಲ್ಲ ಅಂತ ಹೇಳಿ ವಾದ ಗೆಲ್ಲುವುದು ನನಗೆ ಬೇಡ. ವ್ಯತ್ಯಾಸಗಳಿವೆ. ಆಸಕ್ತಿಗಳ ಬಗ್ಗೆ 2009ರಲ್ಲಿ ಸು, ರೌಂಡ್ಸ್, ಆರ್ಮ್‌ಸ್ಟ್ರಾಂಗ್ ಅನ್ನುವವರು ಐದು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಸೇರಿಸಿ ನೋಡಿದಾಗ, ವಸ್ತುಗಳ ಜೊತೆ ಕೆಲಸ ಮಾಡುವ ಒಲವು ಸರಾಸರಿ ಗಂಡಸರಲ್ಲಿ, ಜನರ ಜೊತೆ ಕೆಲಸ ಮಾಡುವ ಒಲವು ಸರಾಸರಿ ಹೆಂಗಸರಲ್ಲಿ ಜಾಸ್ತಿ ಕಂಡಿತು. ಅಂತರ ಸಣ್ಣದೇನಲ್ಲ. ಇನ್ನೊಂದು ಕಡೆ 2005ರಲ್ಲಿ ಜಾನೆಟ್ ಹೈಡ್ ಅನ್ನುವ ಮನಶ್ಶಾಸ್ತ್ರಜ್ಞೆ ಹೆಣ್ಣು ಗಂಡಿನ ವ್ಯತ್ಯಾಸದ ಬಗ್ಗೆ ಬಂದಿದ್ದ 46 ದೊಡ್ಡ ಸಮೀಕ್ಷಾ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬುದ್ಧಿ, ಮಾತು, ಸ್ವಭಾವ, ಎಲ್ಲ ಸೇರಿ ಅಳೆದ ವ್ಯತ್ಯಾಸಗಳಲ್ಲಿ 78 ಶೇಕಡಾ ಸಣ್ಣವು, ಇಲ್ಲವೇ ಇಲ್ಲವೆನ್ನುವಷ್ಟು ಚಿಕ್ಕವು. ದೊಡ್ಡದಾಗಿ ಕಂಡದ್ದು ಚೆಂಡನ್ನು ಎಷ್ಟು ದೂರ, ಎಷ್ಟು ವೇಗವಾಗಿ ಎಸೆಯುತ್ತಾರೆ ಅನ್ನುವಂಥ ಕೆಲವು ಮಾತ್ರ.

ಈ ಎರಡೂ ನಿಜ, ಎರಡೂ ಒಟ್ಟಿಗೆ ನಿಲ್ಲುತ್ತವೆ. ಆದರೆ ಸರಾಸರಿಯಿಂದ ಒಬ್ಬ ವ್ಯಕ್ತಿಯ ಬಗ್ಗೆ ಏನೂ ಗೊತ್ತಾಗಲ್ಲ. ಗಂಡಸರು ಸರಾಸರಿ ಹೆಂಗಸರಿಗಿಂತ ಎತ್ತರ, ಅದು ಎಲ್ಲರಿಗೂ ಗೊತ್ತು. ಹಾಗಂತ ಬಾಗಿಲಲ್ಲಿ ನಿಂತಿರುವ ಎತ್ತರದ ಹೆಂಗಸಿಗೆ ನೀನು ಕುಳ್ಳಿ ಅಂತ ಯಾರಾದರೂ ಹೇಳ್ತಾರಾ? ಇನ್ನು ಗಾಳದ ವಿಷಯ ಅಂತಲೇ ನೋಡಿದರೆ, ಅಮೆರಿಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೀನು ಹಿಡಿಯಲು ಹೋಗುವವರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೆಂಗಸರು. ನಿಮ್ಮ ಸಂಘದಲ್ಲಿ ಮೂವತ್ತೈದಕ್ಕೆ ಇಬ್ಬರು. ಹುಟ್ಟುಗುಣ ಊರಿಂದ ಊರಿಗೆ ಹೀಗೆ ಬದಲಾಗಲ್ಲ ಅಲ್ವಾ?

ತಾಳ್ಮೆ ಬಗ್ಗೆ ಅಂದರಲ್ಲ, ಅದಕ್ಕೆ ಒಂದು ಕಥೆ ಹೇಳಲೇಬೇಕು. 1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಅನ್ನುವವರು ಅಪ್ಪನ ಜೊತೆ ದೋಣಿಯಲ್ಲಿ ಕೂತು ಗಾಳ ಹಾಕಿದ್ದರು. ಒಂದು ಸಾಲ್ಮನ್ ಮೀನು ಸಿಕ್ಕಿಬಿತ್ತು. ಎರಡು ಗಂಟೆಗೂ ಮೇಲೆ ಅದು ನದಿಯುದ್ದಕ್ಕೂ ಎಳೆದಾಡಿತು, ಕತ್ತಲಾಯಿತು, ಇವರು ಬಿಡಲಿಲ್ಲ. ಕೊನೆಗೆ ದೋಣಿಗೆ ಎಳೆದುಕೊಂಡಾಗ ತೂಕ 64 ಪೌಂಡ್, ಅಂದರೆ 29 ಕೆ.ಜಿ. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ ಇವತ್ತಿಗೂ ಅದೇ. ನೂರು ವರ್ಷ ದಾಟಿದೆ, ಯಾರೂ ಮುರಿದಿಲ್ಲ. ಆ ಮೀನನ್ನು ಅಂಗಡಿಯೊಂದರ ಕಿಟಕಿಯಲ್ಲಿ ಜನರಿಗೆ ನೋಡಲು ಇಟ್ಟಿದ್ದರು. ಗುಂಪಿನಲ್ಲಿ ಜಾರ್ಜಿನಾ ಕೂಡ ನಿಂತಿದ್ದರು. ಅವರ ಮುಂದೆ ಇಬ್ಬರು ವಯಸ್ಸಾದವರು ಮಾತಾಡಿಕೊಳ್ಳುತ್ತಿದ್ದರಂತೆ, ಹೆಂಗಸು ಇಂಥ ಮೀನು ಹಿಡಿಯೋದಾ, ಸುಳ್ಳು, ನಡೆಯೋ ಮಾತಲ್ಲ ಅಂತ. ಹಿಡಿದವರು ಅವರ ಬೆನ್ನ ಹಿಂದೆಯೇ ನಿಂತಿದ್ದರು.

ಇದು ಇಲ್ಲಿಗೆ ಮುಗಿಯಲ್ಲ. 1923ರಲ್ಲಿ ವೈ ನದಿಯಲ್ಲಿ ಡೋರೀನ್ ಡೇವಿ ಐವತ್ತೊಂಬತ್ತೂವರೆ ಪೌಂಡಿನ ಸಾಲ್ಮನ್ ಹಿಡಿದರು. 1924ರಲ್ಲಿ ಡೆವರನ್ ನದಿಯಲ್ಲಿ ಕ್ಲೆಮೆಂಟಿನಾ ಮಾರಿಸನ್ ಹುಳುವಿನಂತೆ ಕಟ್ಟಿದ ಕೃತಕ ಎರೆಗೆ 61 ಪೌಂಡಿನದನ್ನು ಹಿಡಿದರು. ಹೀಗೆ ದೊಡ್ಡ ಮೀನುಗಳ ಪಟ್ಟಿಯಲ್ಲಿ ಹೆಂಗಸರ ಹೆಸರೇ ಮುಂದೆ ಇದ್ದಾಗ, ಅವರ ಕೈಚಳಕ ಅಂತ ಒಪ್ಪಿಕೊಳ್ಳಬಹುದಿತ್ತು. ಗಾಳದವರ ನಡುವೆ ಹಬ್ಬಿದ್ದು ಇನ್ನೊಂದು ವಿವರಣೆ. ಹೆಣ್ಣಿನ ಮೈವಾಸನೆಗೆ ಗಂಡು ಸಾಲ್ಮನ್ ಮರುಳಾಗಿ ಬಂದು ಗಾಳ ಕಚ್ಚುತ್ತೆ ಅಂತ! ಇದಕ್ಕೆ ಗಟ್ಟಿ ಆಧಾರ ಇಲ್ಲ, ಆದರೂ ಇವತ್ತಿಗೂ ಓಡಾಡುತ್ತಿರುವ ಮಾತು. ನೋಡಿ, ಹೆಂಗಸರು ಹಿಡಿಯದಿದ್ದರೆ ತಾಳ್ಮೆ ಇಲ್ಲ, ಹಿಡಿದರೆ ಮೈವಾಸನೆ. ಎರಡೂ ಕಡೆ ಹುಟ್ಟುಗುಣವೇ ಕಾರಣ, ಎರಡೂ ಕಡೆ ಕಲಿಕೆಗೆ, ಎರಡು ಗಂಟೆ ಬಿಡದೆ ಹಿಡಿದ ತೋಳಿಗೆ ಜಾಗವೇ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತೆ.

ಈಗ ಕ್ಯಾಲೆಂಡರಿಗೆ ಬನ್ನಿ. ಬಿಕಿನಿ ಹುಡುಗಿಯೂ ಇದೇ ಮಾತನ್ನು ಚಿತ್ರದಲ್ಲಿ ಹೇಳುತ್ತಾಳೆ. ಮೀನು ಹಿಡಿದದ್ದು ಕೈ ಅಲ್ಲ, ಮೈ.

ಹೆಂಗಸರು ಬರದಿರುವುದಕ್ಕೂ ಗೋಡೆಯ ಮೇಲೆ ಏನಿದೆ ಅನ್ನುವುದಕ್ಕೂ ಸಂಬಂಧ ಇದೆಯಾ? ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. 2009ರಲ್ಲಿ ಸಪ್ನಾ ಚೆರಿಯನ್ ಮತ್ತು ಜೊತೆಗಾರರು ಕಂಪ್ಯೂಟರ್ ವಿಭಾಗದ ಒಂದು ಕೋಣೆಯನ್ನು ಎರಡು ಥರ ಸಿಂಗರಿಸಿದರು. ಒಮ್ಮೆ ಬಾಹ್ಯಾಕಾಶದ ಧಾರಾವಾಹಿಯ ಪೋಸ್ಟರು, ವಿಡಿಯೋ ಗೇಮ್ ಡಬ್ಬಿಗಳು, ಕಾಮಿಕ್ಸ್. ಇನ್ನೊಮ್ಮೆ ಪ್ರಕೃತಿಯ ಚಿತ್ರ, ಸಾಮಾನ್ಯ ಪುಸ್ತಕಗಳು. ವಿದ್ಯಾರ್ಥಿಗಳನ್ನು ಅಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಕಂಪ್ಯೂಟರ್ ವಿಜ್ಞಾನದಲ್ಲಿ ನಿಮಗೆ ಎಷ್ಟು ಆಸಕ್ತಿ ಅಂತ ಕೇಳಿದರು. ಮೊದಲ ಕೋಣೆಯಲ್ಲಿ ಹುಡುಗಿಯರ ಆಸಕ್ತಿ ಹುಡುಗರಿಗಿಂತ ಕಡಿಮೆ ಇತ್ತು. ಎರಡನೇ ಕೋಣೆಯಲ್ಲಿ ಆ ಅಂತರವೇ ಕಾಣಲಿಲ್ಲ. ಮೊದಲ ಕೋಣೆಯಲ್ಲಿ ಬಿಕಿನಿ ಇರಲಿಲ್ಲ, ಯಾರನ್ನೂ ಅವಮಾನ ಮಾಡುವಂಥದ್ದು ಏನೂ ಇರಲಿಲ್ಲ. ಬರೀ ಪೋಸ್ಟರು. ಇಲ್ಲಿ ಎಂಥ ಜನ ಇರ್ತಾರೆ ಅನ್ನೋದನ್ನು ಗೋಡೆ ಹೇಳಿತು, ಬಂದವರು ಕೇಳಿಸಿಕೊಂಡರು, ಅಷ್ಟೇ. ಆಮೇಲೆ ಅದನ್ನೇ ನಾವು "ಅವರಿಗೆ ಆಸಕ್ತಿ ಇಲ್ಲ" ಅಂತ ಬರೆದುಕೊಳ್ಳುತ್ತೇವೆ.

ಕಂಪ್ಯೂಟರಿನ ಮಾತು ಬಂತು, ಅಮೆರಿಕದ ಲೆಕ್ಕ ಇನ್ನೂ ಮಾತಾಡುತ್ತೆ. 1980ರ ದಶಕದ ನಡುವೆ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಸುಮಾರು 37 ಶೇಕಡಾ ಹೆಂಗಸರು. 2010ರ ಹೊತ್ತಿಗೆ ಸುಮಾರು 18ಕ್ಕೆ ಇಳಿದಿತ್ತು. ಕಾಲು ಶತಮಾನದಲ್ಲಿ ಮಿದುಳು ಬದಲಾಗಲ್ಲ. ಬದಲಾದವುಗಳಲ್ಲಿ ಒಂದು, ಮನೆಯ ಕಂಪ್ಯೂಟರನ್ನು ಹುಡುಗರ ಆಟದ ಸಾಮಾನು ಅಂತ ಜಾಹೀರಾತುಗಳು ಮಾರಿದ್ದು. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ಆದರೆ ಅದನ್ನು ಬಿಟ್ಟು ಈ ಕಥೆ ಹೇಳಲು ಆಗಲ್ಲ.

ಚದುರಂಗದಲ್ಲೂ ಹೀಗೆಯೇ. ಮೇಲಿನ ಹಂತದಲ್ಲಿ ಹೆಂಗಸರು ಕಡಿಮೆ, ಹಾಗಾಗಿ ಅವರಿಗೆ ಆ ಬುದ್ಧಿ ಕಡಿಮೆ ಅನ್ನೋರು ಬಹಳ ಜನ. 2009ರಲ್ಲಿ ಬಿಲಾಲಿಚ್ ಮತ್ತು ಜೊತೆಗಾರರು ಜರ್ಮನಿಯ ಸುಮಾರು 1 ಲಕ್ಷ 20 ಸಾವಿರ ಆಟಗಾರರ ಅಂಕಗಳನ್ನು ತೆಗೆದುಕೊಂಡು ನೋಡಿದರು. ಆಡುವ ಹೆಂಗಸರ ಸಂಖ್ಯೆಯೇ ಅಷ್ಟು ಕಡಿಮೆ ಇರುವುದರಿಂದ, ಮೇಲಿನ ನೂರು ಗಂಡಸರು, ಮೇಲಿನ ನೂರು ಹೆಂಗಸರ ನಡುವೆ ಕಾಣುವ ಅಂತರದ 96 ಶೇಕಡಾ ಬರೀ ಸಂಖ್ಯೆಯಿಂದಲೇ ಬರುತ್ತೆ ಅಂತ ಲೆಕ್ಕ ತೋರಿಸಿದರು. ಲೆಕ್ಕ ಹಾಕಿದ ರೀತಿಗೆ ಆಕ್ಷೇಪ ಎತ್ತಿದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ನಿಮ್ಮ ಸಂಘಕ್ಕೆ ಇದರಲ್ಲಿ ಒಂದು ನೇರ ಮಾತಿದೆ. ಇಬ್ಬರೇ ಇರುವ ಕಡೆ ಒಬ್ಬರು ಸೋತರೆ "ಹೆಂಗಸರು ಹೀಗೇ" ಅನ್ನುತ್ತಾರೆ. ಮೂವತ್ಮೂರು ಗಂಡಸರಲ್ಲಿ ಇಪ್ಪತ್ತು ಜನ ಬರಿಗೈಲಿ ಬಂದರೆ "ಇವತ್ತು ಮೀನಿರಲಿಲ್ಲ" ಅನ್ನುತ್ತಾರೆ.

ಚಿತ್ರ ನೋಡಿದ ಗಂಡಸರ ಮೇಲೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು. 1995ರಲ್ಲಿ ರಡ್ಮನ್ ಮತ್ತು ಬೋರ್ಗಿಡಾ ಒಂದು ಪ್ರಯೋಗ ಮಾಡಿದರು. ಕೆಲವು ಯುವಕರಿಗೆ ಹೆಣ್ಣನ್ನು ಬರೀ ಮೈಯಾಗಿ ತೋರಿಸುವ ಟಿವಿ ಜಾಹೀರಾತುಗಳನ್ನು ತೋರಿಸಿದರು, ಇನ್ನು ಕೆಲವರಿಗೆ ಮಾಮೂಲಿ ಜಾಹೀರಾತುಗಳನ್ನು. ಆಮೇಲೆ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಹೆಂಗಸನ್ನು ಸಂದರ್ಶನ ಮಾಡಿಸಿದರು. ಮೊದಲ ಗುಂಪಿನವರು ಆಕೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು, ಆಕೆ ಹೇಗಿದ್ದಳು ಅನ್ನೋದು ಅವರಿಗೆ ಚೆನ್ನಾಗಿ ನೆನಪಿತ್ತು, ಆಕೆ ತನ್ನ ಬಗ್ಗೆ ಹೇಳಿದ್ದು ಅಷ್ಟು ನೆನಪಿರಲಿಲ್ಲ. ಆಕೆಯ ಸಾಮರ್ಥ್ಯಕ್ಕೂ ಕಡಿಮೆ ಅಂಕ ಕೊಟ್ಟರು. ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟವಾಗಿ ಹೇಳಲ್ಲ. ವಿಡಿಯೋ ಗೇಮಿನ ಪಾತ್ರಗಳ ವಿಷಯದಲ್ಲಿ ಪರಿಣಾಮ ತೀರಾ ಸಣ್ಣದು ಅಂತ ತೋರಿಸಿದ ವಿಮರ್ಶೆಗಳೂ ಇವೆ. ಒಂದು ಚಿತ್ರ ನೋಡಿದ ಕೂಡಲೇ ಗಂಡಸು ಕೆಟ್ಟುಹೋಗುತ್ತಾನೆ ಅಂತ ನಾನು ನಂಬಲ್ಲ, ನಿಮ್ಮ ಗೆಳೆಯರನ್ನು ಕೆಟ್ಟವರು ಅಂತಲೂ ಅನ್ನಲ್ಲ. ಆದರೆ ಕ್ಯಾಲೆಂಡರ್ ಒಂದು ಸಲ ನೋಡಿ ಮರೆಯುವ ಜಾಹೀರಾತಲ್ಲ. ಅದು ವರ್ಷಪೂರ್ತಿ ಗೋಡೆಯಲ್ಲಿರುತ್ತೆ. ನಿಮ್ಮ ಸದಸ್ಯೆ ಎರೆ ಯಾವುದು ಕಟ್ಟಬೇಕು ಅಂತ ಮಾತಾಡುವಾಗಲೂ ಆಕೆಯ ತಲೆಯ ಹಿಂದೆ ಅದು ಇರುತ್ತೆ.

ಮಡಿವಂತಿಕೆ ಅಂದವರಿಗೆ ಉತ್ತರ ಬೇಗ ಮುಗಿಯುತ್ತೆ. ಸೆಖೆಯಲ್ಲಿ ದೋಣಿ ಮೇಲೆ ಚಡ್ಡಿ ಹಾಕಿಕೊಂಡು, ಈಜುಡುಗೆಯಲ್ಲೇ ಗಾಳ ಹಾಕುವ ಹೆಂಗಸರು ಎಷ್ಟೋ ಜನ. ಆ ಫೋಟೋ ಹಾಕಿದರೆ ನನಗೇನೂ ಅನ್ನಿಸಲ್ಲ. ನಾನು ನೋಡುವುದು ಕಣ್ಣು ಎಲ್ಲಿದೆ ಅಂತ. ಮೀನು ಎಳೆಯುವವರ ಕಣ್ಣು ದಾರದ ಮೇಲಿರುತ್ತೆ, ನೀರಿನ ಮೇಲಿರುತ್ತೆ, ಮುಖ ಗಂಟಿಕ್ಕಿರುತ್ತೆ, ಬಾಯಿ ತೆರೆದಿರುತ್ತೆ, ಅಂದವಾಗಿರಲ್ಲ. ಕ್ಯಾಲೆಂಡರಿನವಳು ನಮ್ಮನ್ನು ನೋಡುತ್ತಾಳೆ. ಇನ್ನೊಂದು ಪರೀಕ್ಷೆ, ಅದೇ ಭಂಗಿಯಲ್ಲಿ ನಿಮ್ಮ ಸಂಘದ ಹಿರಿಯರೊಬ್ಬರನ್ನು ನಿಲ್ಲಿಸಿ ಕಲ್ಪಿಸಿಕೊಳ್ಳಿ. ಗಾಳ ಹಾಕುವ ಭಂಗಿ ಯಾರು ನಿಂತರೂ ಗಾಳ ಹಾಕುವ ಭಂಗಿಯೇ. ಈ ಭಂಗಿ ಹಾಗಲ್ಲ. ಹಾಗಾದರೆ ಅರೆಬೆತ್ತಲೆ ಗಂಡಸರ ಕ್ಯಾಲೆಂಡರನ್ನೂ ಪಕ್ಕದಲ್ಲಿ ಹಾಕಿದರೆ ಸಮ ಆಯಿತಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗಲ್ಲ. ಆಕೆ ಕೇಳಿದ್ದು ನೋಡಲು ಇನ್ನೊಂದು ಮೈ ಬೇಕು ಅಂತಲ್ಲ.

ಹಳೇ ಕಾಲದಲ್ಲಿ ಎಲ್ಲ ಹೀಗೇ ಇತ್ತು, ಈಗ ಹೊಸದಾಗಿ ಬೇಡಿಕೆ ಬಂದಿದೆ ಅನ್ನೋದೂ ತಪ್ಪು. ಕೊಡಕ್ ಕಂಪನಿ 1890ರ ದಶಕದಲ್ಲೇ ತನ್ನ ಜಾಹೀರಾತುಗಳಲ್ಲಿ ಹೆಂಗಸರನ್ನು ತೋರಿಸಿತು. ಅವಳ ಹೆಸರೇ ಕೊಡಕ್ ಹುಡುಗಿ ಅಂತ ಆಯಿತು. ಅವಳ ಕೈಯಲ್ಲಿ ಕ್ಯಾಮೆರಾ ಇತ್ತು, ಅವಳು ಊರೂರು ತಿರುಗಿ ತಾನೇ ಫೋಟೋ ತೆಗೆಯುತ್ತಿದ್ದಳು. ಅಂದವಾಗಿಯೇ ಇದ್ದಳು, ಆಕರ್ಷಕವಾಗಿಯೇ ಇದ್ದಳು, ಆದರೆ ಕೆಲಸ ಅವಳದ್ದು. ಅಮೆರಿಕದ ಮೇನ್ ರಾಜ್ಯ 1897ರಲ್ಲಿ ಬೇಟೆಗೆ, ಮೀನಿಗೆ ಜನರನ್ನು ಕರೆದೊಯ್ಯುವ ಮಾರ್ಗದರ್ಶಕರಿಗೆ ಪರವಾನಗಿ ಕೊಡಲು ಶುರು ಮಾಡಿದಾಗ ಮೊದಲ ಪರವಾನಗಿ ಸಿಕ್ಕಿದ್ದು ಕಾರ್ನೇಲಿಯಾ ಕ್ರಾಸ್ಬಿ ಅನ್ನುವ ಹೆಂಗಸಿಗೆ. ತನ್ನ ರಾಜ್ಯದ ಕೆರೆ ಕಾಡುಗಳಿಗೆ ಜನರನ್ನು ಸೆಳೆಯಲು ಪ್ರದರ್ಶನಗಳಲ್ಲಿ ನಿಂತು ಪ್ರಚಾರ ಮಾಡಿದವರು ಅವರು. 1951ರಲ್ಲಿ ಜೋನ್ ಸಾಲ್ವಾಟೋ, ಮುಂದೆ ಜೋನ್ ವುಲ್ಫ್ ಅಂತ ಹೆಸರಾದವರು, ಉಳಿದವರೆಲ್ಲ ಗಂಡಸರೇ ಇದ್ದ, ಗಾಳದ ದಾರವನ್ನು ದೂರಕ್ಕೆ ಎಸೆಯುವ ಸ್ಪರ್ಧೆಯಲ್ಲಿ ಗೆದ್ದರು. ಇವರೆಲ್ಲ ಇದ್ದೂ ನಮ್ಮ ಹವ್ಯಾಸದ ಹೆಣ್ಣುಮುಖ ಅಂದರೆ ರೀಲ್ ತಲೆಕೆಳಗಾಗಿ ಹಿಡಿದವಳು ಅಂತ ಆಯಿತಲ್ಲ, ಅದು ನನಗೆ ನೋವು.

ಈಗ ನಿಮ್ಮ ಕೊನೆಯ ಪ್ರಶ್ನೆ, ಏನು ಮಾಡುವುದು. ಆದರೆ ಅದಕ್ಕೂ ಮುಂಚೆ ನಿಮ್ಮ ಪತ್ರದ ಒಂದು ಸಾಲಿಗೆ ವಾಪಸ್ ಹೋಗಬೇಕು. ಆಕೆ ಎರಡು ಸೈಜು ದೊಡ್ಡ ವೇಡರ್ ಹಾಕಿಕೊಂಡು ನೀರಿಗಿಳಿಯುತ್ತಾರೆ ಅಂತ ನೀವು ಹಾಗೇ ಹೇಳಿ ಮುಂದೆ ಹೋದಿರಿ. ನನ್ನ ಕಣ್ಣು ಅಲ್ಲೇ ನಿಂತಿತು. ಹೆಣ್ಣು ಗಂಡಿನ ನಿಜವಾದ ವ್ಯತ್ಯಾಸ ಇಲ್ಲಿದೆ ನೋಡಿ. ಪಾದದ ಉದ್ದ, ಸೊಂಟ, ಅಂಗೈ ಅಗಲ, ಇವೆಲ್ಲ ಸರಾಸರಿ ಬೇರೆ. ಎದೆವರೆಗೆ ಬರುವ ಆ ರಬ್ಬರು ಉಡುಪು ಸಡಿಲವಾಗಿದ್ದರೆ ಬೂಟಿನೊಳಗೆ ಕಾಲು ಜಾರುತ್ತೆ, ಹರಿಯುವ ನೀರಿನಲ್ಲಿ ಕಲ್ಲಿನ ಮೇಲೆ ಕಾಲು ನಿಲ್ಲಲ್ಲ. ಅದು ಅಂದಚಂದದ ಮಾತಲ್ಲ, ಮುಳುಗುವ ಅಪಾಯ. ನಾನೇ ಗಂಡಸರ ಬೂಟಿಗೆ ಎರಡು ಜೊತೆ ಉಣ್ಣೆ ಕಾಲುಚೀಲ ತುರುಕಿ ವರ್ಷಗಟ್ಟಲೆ ಓಡಾಡಿದ್ದೀನಿ, ಒಂದು ಸಲ ಬಿದ್ದು ಮೊಣಕಾಲು ಒಡೆದುಕೊಂಡಿದ್ದೀನಿ. ಹೆಣ್ಣು ಬೇರೆ, ಗಂಡು ಬೇರೆ ಅಂತ ಅಷ್ಟು ಜೋರಾಗಿ ಹೇಳುವ ಮಾರುಕಟ್ಟೆ, ಬೇರೆ ಇರುವ ಪಾದಕ್ಕೆ ಒಂದು ಬೂಟು ಮಾಡುವುದರಲ್ಲಿ ಎಷ್ಟೋ ವರ್ಷ ಹಿಂದೆ ಬಿದ್ದಿತ್ತು. ಮಾಡಿದಾಗಲೂ ಎಷ್ಟೋ ಸಲ ಗಂಡಸರದ್ದನ್ನೇ ಚಿಕ್ಕದು ಮಾಡಿ ಗುಲಾಬಿ ಬಣ್ಣ ಬಳಿದರು.

ಹಾಗಾಗಿ ಬರೀ ಕ್ಯಾಲೆಂಡರ್ ತೆಗೆದು ಸುಮ್ಮನಾಗಬೇಡಿ. ತೆಗೆಯುವುದನ್ನಂತೂ ತೆಗೆಯಿರಿ. ಅದಕ್ಕೆ ಮತ ಹಾಕಿಸಬೇಡಿ, ಮೂವತ್ಮೂರಕ್ಕೆ ಇಬ್ಬರು ಅಂದರೆ ಮತದ ಫಲ ಈಗಲೇ ಗೊತ್ತು. ಆಕೆಯನ್ನು ಮುಂದೆ ನಿಲ್ಲಿಸಿ ಮಾತಾಡಿಸಲೂ ಬೇಡಿ. ಆಕೆ ಒಂದು ಸಲ ಕೇಳಿ ಆಗಿದೆ, ಎಲ್ಲ ಹೆಂಗಸರ ಪರವಾಗಿ ವಾದ ಮಾಡುವುದು ಆಕೆಯ ಕೆಲಸವಲ್ಲ, ಮೀನು ಹಿಡಿಯಲು ಬಂದಿದ್ದಾರೆ. ನೀವೇ ಹೇಳಿ, ನಿಮ್ಮ ಮಾತಾಗಿ ಹೇಳಿ. "ನನಗೂ ಇದು ಸರಿ ಕಾಣಲ್ಲ, ನಮ್ಮ ಸಂಘದ ಗೋಡೆಗೆ ನಮ್ಮ ಮೀನು, ನಮ್ಮ ಜನ ಇರಲಿ" ಅಂದರೆ ಸಾಕು. ನಿಮ್ಮಂತೆಯೇ ಅನ್ನಿಸಿ ಬಾಯಿ ಬಿಡದೆ ಕೂತ ಗಂಡಸರು ಅಲ್ಲಿ ಇನ್ನೂ ಒಂದಿಬ್ಬರಾದರೂ ಇರುತ್ತಾರೆ, ನನ್ನ ಅನುಭವದಲ್ಲಿ ಯಾವಾಗಲೂ ಇದ್ದಾರೆ. ಐವತ್ತು ಜನ ಬರ್ತಾರಾ ಅಂತ ಮತ್ತೆ ಕೇಳಿದರೆ, ಬರಲ್ಲ ಅಂತಲೇ ಹೇಳಿ. ಇರುವ ಇಬ್ಬರು ಮುಂದಿನ ವರ್ಷವೂ ಇರಲಿ ಅಂತ ತೆಗೆಯುತ್ತಿರುವುದು.

ಮತ್ತೆ ಆ ಕಂಪನಿಗೆ ಒಂದು ಕಾಗದ ಬರೆಯಿರಿ. ಅವರ ಮೇಲೆ ಸಿಟ್ಟು ಮಾಡಬೇಕಿಲ್ಲ, ಅವರಿಗೂ ಗಿರಾಕಿ ಬೇಕು. ಕ್ಯಾಲೆಂಡರಿಗೆ ಸಂಘದವರದೇ ಹನ್ನೆರಡು ಫೋಟೋ ನಾವು ಕಳಿಸುತ್ತೇವೆ ಅನ್ನಿ, ಹೆಂಗಸರು, ಗಂಡಸರು, ಮುದುಕರು, ಕೆಸರು ಮೆತ್ತಿಕೊಂಡವರು, ಮೀನು ಕೈ ಜಾರಿ ಬಿದ್ದಾಗಿನ ಮುಖ, ಎಲ್ಲ. ಪ್ರತಿ ಫೋಟೋದಲ್ಲೂ ರೀಲು ಸರಿಯಾಗಿರಲಿ. ಮತ್ತೆ ಕಾಗದದ ಕೊನೆಯಲ್ಲಿ, ನಿಮ್ಮ ಹತ್ತಿರ ಸಣ್ಣ ಸೈಜಿನ ವೇಡರ್ ಯಾವ ಯಾವ ಅಳತೆಯಲ್ಲಿ ಇದೆ ಅಂತ ಕೇಳಿ. ಬರೆಯುವ ಮುಂಚೆ ಆಕೆಯ ಬೂಟಿನ ಅಳತೆ ಕೇಳಿಟ್ಟುಕೊಳ್ಳಿ.